ಓದುಗರ ಪ್ರಶ್ನೋತ್ತರ: ಫಾರ್ಮ್‌ನಲ್ಲಿ ತುಂಬಿದ್ದು ಪೈಥಾನ್‌ಗೆ ಏಕೆ ಸಿಗುತ್ತಿಲ್ಲ?

ಕೊಡಗಿನ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಪರದೆಯ ಮೇಲಿನ ಫಾರ್ಮ್‌ನಲ್ಲಿ ಟೈಪ್ ಮಾಡಿದ್ದು ಪೈಥಾನ್ ಕೋಡ್‌ಗೆ ಬರುತ್ತಿಲ್ಲ, ಬಂದರೂ ಸರಿಯಾಗಿ ಬರುತ್ತಿಲ್ಲ ಎಂಬುದು ಎಲ್ಲರ ದೂರು. ಮಳೆ ಲೆಕ್ಕ, ಚೆಕ್‌ರೋಲ್ (ತೋಟದ ಕೆಲಸಗಾರರ ಹಾಜರಿ–ಕೂಲಿ ಪಟ್ಟಿ), ಹೋಂಸ್ಟೇ ಬುಕಿಂಗ್ ಎಂದು ಕೆಲಸ ಬೇರೆ ಬೇರೆಯಾದರೂ ತೊಡಕುಗಳು ನೆಂಟರಂತಿವೆ. ಹಾಗಾಗಿ ಒಟ್ಟಿಗೇ ಉತ್ತರಿಸಿದ್ದೇವೆ. ಕೋಡ್‌ನ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಹಾಕಿದೆ. ಟೈಪ್ ಮಾಡುವಾಗ ಪೈಥಾನ್‌ನ ಮೂಲ ಇಂಗ್ಲಿಷ್ ಹೆಸರುಗಳನ್ನೇ ಬಳಸಿ. ನೀವೇ ಇಡುವ ವೇರಿಯಬಲ್ ಮತ್ತು ಫಂಕ್ಷನ್ ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ.

ಪ್ರಶ್ನೆ: ತೋಟದ ಮಳೆ ಲೆಕ್ಕ ಇಡಲು ಟಿಕಿಂಟರ್‌ನಲ್ಲಿ (ಕಿಟಕಿ, ಬಟನ್ ಮಾಡುವ ಪೈಥಾನ್ ಲೈಬ್ರರಿ) ಚಿಕ್ಕದೊಂದು ಫಾರ್ಮ್ ಮಾಡಿದ್ದೇನೆ. ಇಂಚಿನ ಬಾಕ್ಸ್‌ನಲ್ಲಿ ಏನು ತುಂಬಿದರೂ ಖಾಲಿ ಸಾಲೇ ಪ್ರಿಂಟ್ ಆಗುತ್ತದೆ. 'ಉಳಿಸಿ' ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಕೋಡ್ ಸ್ವಲ್ಪ ಬದಲಿಸಿ ನೋಡಿದಾಗ 'ನನ್‌ಟೈಪ್‌ನಲ್ಲಿ ಗೆಟ್ ಇಲ್ಲ' ಎಂಬ ಎರರ್ ಬಂತು. ಎಲ್ಲಿ ತಪ್ಪಿದೆ?
— ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ನೀವು ಹೇಳಿದ ಮೂರು ಲಕ್ಷಣಗಳಿಗೆ ಮೂರು ಬೇರೆ ಕಾರಣಗಳಿವೆ. ಮೊದಲನೆಯದು ಓದುವ ಹೊತ್ತಿನ ತಪ್ಪು. ಬಾಕ್ಸ್ ಸೃಷ್ಟಿಸಿದ ಮರುಸಾಲಿನಲ್ಲೇ ಗೆಟ್ ಕರೆದರೆ ಆಗಿನ್ನೂ ಕಿಟಕಿ ಪರದೆಯ ಮೇಲೆ ಮೂಡಿಯೂ ಇರುವುದಿಲ್ಲ, ಯಾರೂ ಏನನ್ನೂ ಟೈಪ್ ಮಾಡಿರುವುದಿಲ್ಲ. ಖಾಲಿ ಪಠ್ಯ ಸಿಗುವುದೇ ಅಲ್ಲಿ ಸರಿಯಾದ ಉತ್ತರ. ವೇರಿಯಬಲ್‌ಗೆ ಒಮ್ಮೆ ಹಾಕಿಟ್ಟ ಆ ಖಾಲಿ ಪಠ್ಯ ಮುಂದೆ ಬಾಕ್ಸ್ ತುಂಬಿದಾಗ ತಾನಾಗಿ ಬದಲಾಗುವುದಿಲ್ಲ. ಮೇನ್‌ಲೂಪ್ (ಕಿಟಕಿಯನ್ನು ತೆರೆದಿಟ್ಟು ಬಳಕೆದಾರರ ಒತ್ತಿಗೆ ಕಾಯುವ ಲೂಪ್) ಶುರುವಾದ ಮೇಲೆ ಬಳಕೆದಾರರು ಬಟನ್ ಒತ್ತಿದಾಗ ಯಾವ ಫಂಕ್ಷನ್ ಓಡುತ್ತದೋ ಅದರ ಒಳಗೇ ಗೆಟ್ ಕರೆಯಬೇಕು.

ಎರಡನೆಯದು ಆವರಣ ಚಿಹ್ನೆಯ ತಪ್ಪು. ಬಟನ್‌ಗೆ ಕಮಾಂಡ್ ಕೊಡುವಾಗ ಫಂಕ್ಷನ್ ಹೆಸರಿನ ಮುಂದೆ ಆವರಣ ಹಾಕಿದರೆ, ಬಟನ್ ತಯಾರಾಗುವಾಗಲೇ ಆ ಫಂಕ್ಷನ್ ಒಮ್ಮೆ ಓಡಿ ಮುಗಿಯುತ್ತದೆ. ಅದು ಹಿಂದಿರುಗಿಸಿದ ನನ್ ('ಏನೂ ಇಲ್ಲ' ಎನ್ನುವ ಪೈಥಾನ್ ಬೆಲೆ) ಬಟನ್‌ನ ಕಮಾಂಡ್ ಜಾಗಕ್ಕೆ ಹೋಗುತ್ತದೆ. ಆಮೇಲೆ ಎಷ್ಟು ಸಲ ಒತ್ತಿದರೂ ಓಡಲು ಅಲ್ಲಿ ಏನೂ ಇರುವುದಿಲ್ಲ.

ಮೂರನೆಯದು, ಬಾಕ್ಸ್ ಸೃಷ್ಟಿಸಿ ಅದೇ ಸಾಲಿನಲ್ಲಿ ಗ್ರಿಡ್ ಅಥವಾ ಪ್ಯಾಕ್ ಕರೆದಿರುವುದು. ಗ್ರಿಡ್, ಪ್ಯಾಕ್, ಪ್ಲೇಸ್ ಮೂರೂ ನನ್ ಹಿಂದಿರುಗಿಸುತ್ತವೆ. ನಿಮ್ಮ ವೇರಿಯಬಲ್‌ಗೆ ಬಾಕ್ಸ್ ಸೇರುವ ಬದಲು ನನ್ ಸೇರಿದೆ. ಓದಬೇಕಾದ ವಿಜೆಟ್‌ಗಳಿಗೆ (ಬಾಕ್ಸ್, ಬಟನ್‌ನಂಥ ಫಾರ್ಮ್‌ನ ಭಾಗಗಳು) ಎರಡು ಸಾಲು ಬಳಸಿ:

ಡೆಫ್ ಉಳಿಸು():
    ಪಠ್ಯ = ಇಂಚು_ಬಾಕ್ಸ್.ಗೆಟ್().ಸ್ಟ್ರಿಪ್()
    ಪ್ರಿಂಟ್(ಪಠ್ಯ)

ಇಂಚು_ಬಾಕ್ಸ್ = ಎಂಟ್ರಿ(ಕಿಟಕಿ)
ಇಂಚು_ಬಾಕ್ಸ್.ಗ್ರಿಡ್(ರೋ=0, ಕಾಲಂ=1)
ಬಟನ್(ಕಿಟಕಿ, ಟೆಕ್ಸ್ಟ್="ಉಳಿಸಿ", ಕಮಾಂಡ್=ಉಳಿಸು).ಗ್ರಿಡ್(ರೋ=1, ಕಾಲಂ=1)

ಕೊನೆಯ ಸಾಲಿನಲ್ಲಿ ಗ್ರಿಡ್ ಅಂಟಿಕೊಂಡಿದ್ದರೂ ತೊಂದರೆ ಇಲ್ಲ, ಏಕೆಂದರೆ ಆ ಬಟನ್‌ನಿಂದ ಆಮೇಲೆ ಏನನ್ನೂ ಓದಬೇಕಿಲ್ಲ.

ಇನ್ನೆರಡು ವಿಷಯ ಈಗಲೇ ಗೊತ್ತಿರಲಿ. ಎರಡನೆಯ ಕಿಟಕಿ ತೆರೆಯಬೇಕಾದಾಗ ಮತ್ತೊಮ್ಮೆ ಟಿಕೆ ಕರೆಯಬೇಡಿ, ಟಾಪ್‌ಲೆವೆಲ್ ಬಳಸಿ. ಟಿಕೆ ಎರಡು ಸಲ ಕರೆದರೆ ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ಟಿಸಿಎಲ್ (ಟಿಕಿಂಟರ್‌ನ ಅಡಿಯಲ್ಲಿ ಓಡುವ ಭಾಷೆ) ಇಂಟರ್‌ಪ್ರಿಟರ್‌ಗಳು ಹುಟ್ಟುತ್ತವೆ. ಯಾವ ಕಿಟಕಿಗೆ ಸೇರಿದ್ದೆಂದು ಹೇಳದೆ ಮಾಡಿದ ಸ್ಟ್ರಿಂಗ್‌ವಾರ್ (ಬಾಕ್ಸ್‌ನ ಪಠ್ಯಕ್ಕೆ ಜೋಡಿಸುವ ಟಿಕಿಂಟರ್ ವೇರಿಯಬಲ್) ಮೊದಲನೆಯದಕ್ಕೆ ಸೇರಿಬಿಡುತ್ತದೆ. ಎರಡನೆಯ ಕಿಟಕಿಯ ಬಾಕ್ಸ್‌ನಲ್ಲಿ ಕಣ್ಣೆದುರೇ ಪಠ್ಯ ಇದ್ದರೂ ಸ್ಟ್ರಿಂಗ್‌ವಾರ್ ಖಾಲಿ ಎನ್ನುತ್ತದೆ. ಇನ್ನೊಂದು, ಕಿಟಕಿ ಮುಚ್ಚಿ ಮೇನ್‌ಲೂಪ್ ಮುಗಿದ ಮೇಲೆ ಬಾಕ್ಸ್ ಓದಲು ಹೋದರೆ ಟಿಸಿಎಲ್ ಎರರ್ ಬರುತ್ತದೆ, ಏಕೆಂದರೆ ಆಗ ಆ ವಿಜೆಟ್ಟೇ ಇರುವುದಿಲ್ಲ. ಓದುವ ಕೆಲಸ ಮೊದಲು, ಡೆಸ್ಟ್ರಾಯ್ ಆಮೇಲೆ.

ಪ್ರಶ್ನೆ: ನಮ್ಮ ರೈಟರ್ (ತೋಟದ ಗುಮಾಸ್ತರು) ಮಳೆಯನ್ನು ಇಂಚು–ಸೆಂಟ್‌ನಲ್ಲಿ ಬರೆಯುತ್ತಾರೆ. ಫಾರ್ಮ್‌ನಲ್ಲಿ ಒಂದೇ ಬಾಕ್ಸ್ ಇಟ್ಟಿದ್ದೇನೆ, ಫ್ಲೋಟ್ ಮಾಡಿ ಮಿಲಿಮೀಟರ್‌ಗೆ ತಿರುಗಿಸುತ್ತೇನೆ. ತಿಂಗಳ ಮೊತ್ತ ನೋಟ್‌ಬುಕ್ಕಿಗಿಂತ ಜಾಸ್ತಿ ಬರುತ್ತಿದೆ. ಕೆಲವೊಮ್ಮೆ ವ್ಯಾಲ್ಯೂ ಎರರ್ ಬಂದು ನಿಲ್ಲುತ್ತದೆ. ಅವರು ಕನ್ನಡ ಅಂಕಿಯಲ್ಲಿ ಟೈಪ್ ಮಾಡುವುದೇ ಕಾರಣವೇ?
— ತೋಟದ ಮಾಲೀಕರು, ಗೋಣಿಕೊಪ್ಪ

ಉತ್ತರ: ಕನ್ನಡ ಅಂಕಿಯನ್ನು ದೂರಬೇಡಿ. ಪೈಥಾನ್‌ನ ಇಂಟ್ (ಪೂರ್ಣಾಂಕ), ಫ್ಲೋಟ್ (ದಶಮಾಂಶ), ಡೆಸಿಮಲ್ (ನಿಖರ ದಶಮಾಂಶ) ಮೂರಕ್ಕೂ ಕನ್ನಡ ಅಂಕಿ ಅರ್ಥವಾಗುತ್ತದೆ. "೧೨೫" ಎಂಬ ಪಠ್ಯವನ್ನು ಇಂಟ್‌ಗೆ ಕೊಟ್ಟರೆ 125 ಸಿಗುತ್ತದೆ, "೧.೨೫" ಅನ್ನು ಫ್ಲೋಟ್‌ಗೆ ಕೊಟ್ಟರೆ 1.25.

ಮೊತ್ತ ಹೆಚ್ಚಾಗಲು ಕಾರಣ ಬೇರೆ. ಮಳೆಯ ಅಳತೆಯಲ್ಲಿ ಒಂದು ಇಂಚಿಗೆ 100 ಸೆಂಟ್. ರೈಟರ್ ಬಾಯಲ್ಲಿ 'ಒಂದು ಇಂಚು ಐದು ಸೆಂಟ್' ಇದ್ದದ್ದು ಬಾಕ್ಸ್‌ನಲ್ಲಿ 1.5 ಆಗಿ ಬೀಳುತ್ತದೆ. ಅದು 1.05 ಆಗಬೇಕಿತ್ತು. 1.05 ಇಂಚು ಎಂದರೆ 26.67 ಮಿಲಿಮೀಟರ್, 1.5 ಇಂಚು ಎಂದರೆ 38.1. ಒಂದೇ ದಿನದಲ್ಲಿ 11 ಮಿಲಿಮೀಟರ್‌ಗೂ ಮೇಲೆ ಸುಳ್ಳು ಮಳೆ. ಹೂಮಳೆ ಸಾಕಾಯಿತೇ, ಸ್ಪ್ರಿಂಕ್ಲರ್ ಹಾಕಬೇಕೇ ಎಂದು ತೀರ್ಮಾನಿಸುವ ಕಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಇದನ್ನು ಕೋಡ್‌ನಲ್ಲಿ ಊಹಿಸಿ ತಿದ್ದಲು ಆಗದು: 1.5 ಎಂದು ಬರೆದವರು ಐದು ಸೆಂಟ್ ಎಂದರೋ ಐವತ್ತು ಸೆಂಟ್ ಎಂದರೋ ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ಫಾರ್ಮ್ ಬದಲಿಸಿ. ಇಂಚಿಗೊಂದು ಬಾಕ್ಸ್, ಸೆಂಟ್‌ಗೊಂದು ಬಾಕ್ಸ್. ಎರಡನ್ನೂ ಇಂಟ್ ಆಗಿ ಓದಿ, ಸೆಂಟ್ 0 ರಿಂದ 99 ರ ಒಳಗಿದೆಯೇ ನೋಡಿ, ಇಂಚನ್ನು 100 ರಿಂದ ಗುಣಿಸಿ ಸೆಂಟ್ ಕೂಡಿಸಿ, ಆ ಒಟ್ಟು ಸೆಂಟನ್ನೇ ಪೂರ್ಣಾಂಕವಾಗಿ ಉಳಿಸಿ. ಮಿಲಿಮೀಟರ್ ಬೇಕಾದಾಗ 0.254 ರಿಂದ ಗುಣಿಸಿ ತೋರಿಸಿದರಾಯಿತು. ಎಕರೆ–ಸೆಂಟ್ ತುಂಬುವ ಫಾರ್ಮ್‌ಗೂ ಇದೇ ಕ್ರಮ, ಅಲ್ಲೂ ಎಕರೆಗೆ 100 ಸೆಂಟ್.

ವ್ಯಾಲ್ಯೂ ಎರರ್ ಬರುವುದು ಖಾಲಿ ಬಾಕ್ಸ್‌ನಿಂದ, ಅಲ್ಪವಿರಾಮದಿಂದ, ಅಥವಾ ಅಂಕಿಯ ಜೊತೆ 'ಇಂಚು' ಎಂದೂ ಬರೆದಿರುವುದರಿಂದ. "1,25,000" ಎಂಬುದು ನಮ್ಮ ಕಣ್ಣಿಗೆ ಸಂಖ್ಯೆ, ಇಂಟ್‌ಗೆ ಅಲ್ಲ. ಅಲ್ಪವಿರಾಮವನ್ನು ರಿಪ್ಲೇಸ್‌ನಿಂದ ತೆಗೆದ ಮೇಲೆ ಕೊಡಿ. "½" ಎಂಬ ಒಂಟಿ ಅಕ್ಷರವನ್ನು ಯಾವುದೂ ಒಪ್ಪುವುದಿಲ್ಲ. ಪಠ್ಯ ಬರೀ ಅಂಕಿಯೇ ಎಂದು ಮೊದಲೇ ನೋಡುವುದಾದರೆ ಈಸ್‌ಡೆಸಿಮಲ್ ಬಳಸಿ. ಈಸ್‌ಡಿಜಿಟ್ "²" ಎಂಬ ಮೇಲ್ಬರಹದ ಎರಡಕ್ಕೂ ಹೌದು ಎನ್ನುತ್ತದೆ, ಆಮೇಲೆ ಇಂಟ್ ಅದನ್ನು ತಿರಸ್ಕರಿಸುತ್ತದೆ. ಇಷ್ಟೆಲ್ಲ ಮೊದಲೇ ನೋಡುವುದಕ್ಕಿಂತ ಟ್ರೈ ಒಳಗೆ ಪರಿವರ್ತಿಸಿ, ವಿಫಲವಾದರೆ ಆ ಬಾಕ್ಸ್‌ನ ಪಕ್ಕದಲ್ಲೇ 'ಸೆಂಟ್ ಜಾಗದಲ್ಲಿ ಅಂಕಿ ಮಾತ್ರ ಬರೆಯಿರಿ' ಎಂದು ತೋರಿಸುವುದು ಒಳ್ಳೆಯದು. ಟೈಪ್ ಮಾಡಿದ್ದನ್ನು ಅಳಿಸಬೇಡಿ, ತಿದ್ದಲು ಅವರಿಗೆ ಅದು ಬೇಕು.

ಫ್ಲೋಟ್‌ನಲ್ಲಿ ಮರೆವಿಗೆ ಬೀಳುವ ಒಂದು ಬಾಗಿಲಿದೆ. "ನ್ಯಾನ್" (ಸಂಖ್ಯೆಯಲ್ಲ), "ಇನ್ಫ್" (ಅನಂತ) ಎಂಬ ಇಂಗ್ಲಿಷ್ ಪಠ್ಯಗಳನ್ನೂ ಅದು ಸಂಖ್ಯೆ ಎಂದೇ ಸ್ವೀಕರಿಸುತ್ತದೆ. ನ್ಯಾನ್ ಅನ್ನು ಸೊನ್ನೆಗಿಂತ ಕಡಿಮೆಯೇ ಎಂದು ಕೇಳಿದರೆ ಅಲ್ಲ, ನೂರಕ್ಕಿಂತ ಹೆಚ್ಚೇ ಎಂದರೂ ಅಲ್ಲ. ನಿಮ್ಮ ಪರೀಕ್ಷೆಗಳನ್ನೆಲ್ಲ ದಾಟಿ ಒಳಗೆ ಬಂದು ತಿಂಗಳ ಮೊತ್ತವನ್ನೇ ನ್ಯಾನ್ ಮಾಡಿಬಿಡುತ್ತದೆ. ಕೂಲಿ, ಕಾಫಿ ಚೀಲದ ಬೆಲೆಯಂಥ ಹಣದ ಲೆಕ್ಕಕ್ಕಂತೂ ಡೆಸಿಮಲ್ ಬಳಸಿ, ಫ್ಲೋಟ್ ಬೇಡ. ಆದರೆ ಡೆಸಿಮಲ್ ತಪ್ಪು ಪಠ್ಯ ಕಂಡಾಗ ಎತ್ತುವುದು ವ್ಯಾಲ್ಯೂ ಎರರ್ ಅಲ್ಲ, ಇನ್‌ವ್ಯಾಲಿಡ್‌ಆಪರೇಷನ್. ಅದು ಅರಿತ್‌ಮೆಟಿಕ್ ಎರರ್‌ನ ಕುಟುಂಬದ್ದು. ಎಕ್ಸೆಪ್ಟ್ ಸಾಲಿನಲ್ಲಿ ವ್ಯಾಲ್ಯೂ ಎರರ್ ಮಾತ್ರ ಹಿಡಿದಿದ್ದರೆ ಇದು ತಪ್ಪಿಸಿಕೊಳ್ಳುತ್ತದೆ. ಪರಿವರ್ತಿಸಿದ ಮೇಲೆ ಈಸ್‌_ಫೈನೈಟ್ ಕೇಳಿ ನ್ಯಾನ್, ಇನ್ಫಿನಿಟಿಗಳನ್ನು ಹೊರಗಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಖಾಲಿ ಬಾಕ್ಸ್ ಬೇರೆ, ಸೊನ್ನೆ ಬೇರೆ. ಸೊನ್ನೆ ಎಂದರೆ ಮಾಪಕ ನೋಡಿದ್ದಾರೆ, ಮಳೆ ಬಿದ್ದಿಲ್ಲ. ಖಾಲಿ ಎಂದರೆ ಆ ದಿನ ಯಾರೂ ನೋಡಿಲ್ಲ. ಖಾಲಿಯನ್ನು ನನ್ ಆಗಿ ಉಳಿಸಿ. 'ಇಫ್ ನಾಟ್' ಎಂದು ಅಡ್ಡಾದಿಡ್ಡಿ ಪರೀಕ್ಷಿಸಿದರೆ ಈ ಎರಡೂ ಒಂದಾಗುತ್ತವೆ: "0" ಎಂಬ ಪಠ್ಯ ನಿಜದ ಲೆಕ್ಕಕ್ಕೆ ಸೇರಿದರೂ ಅದನ್ನು ಇಂಟ್ ಮಾಡಿದ ಮೇಲೆ ಸಿಗುವ 0 ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ. ಪಠ್ಯವಾಗಿದ್ದಾಗಲೇ ಖಾಲಿಯೇ ಎಂದು ನೋಡಿ, ಆಮೇಲೆ ಪರಿವರ್ತಿಸಿ.

ತಾರೀಖಿನ ಬಾಕ್ಸ್ ಇದ್ದರೆ ಸ್ಟ್ರಿಪ್‌ಟೈಮ್‌ಗೆ ದಿನ–ತಿಂಗಳು–ವರ್ಷದ ಕ್ರಮವನ್ನು ಸ್ಪಷ್ಟವಾಗಿ ಕೊಡಿ. ಏಪ್ರಿಲ್ 31 ಎಂಬ ಇಲ್ಲದ ದಿನವನ್ನು ಅದೇ ಹಿಡಿದುಕೊಡುತ್ತದೆ. ಬೆಳಿಗ್ಗೆ 8:30 ಕ್ಕೆ ಅಳೆದ ಮಳೆಯನ್ನು ಹವಾಮಾನ ಇಲಾಖೆ ಅಳೆದ ದಿನದ ಲೆಕ್ಕಕ್ಕೇ ಹಾಕುತ್ತದೆ. ನಿಮ್ಮ ಅಂಕಿಗಳನ್ನು ಅವರ ಅಂಕಿಗಳ ಜೊತೆ ಹೋಲಿಸುವ ಆಸೆ ಇದ್ದರೆ ನೀವೂ ಹಾಗೆಯೇ ಮಾಡಿ.

ಪ್ರಶ್ನೆ: ಅಂಕಿ ಬಿಟ್ಟು ಬೇರೇನೂ ಟೈಪ್ ಆಗದಂತೆ ವ್ಯಾಲಿಡೇಟ್‌ಕಮಾಂಡ್ ಹಾಕಿದೆ. ಮೊದಲ ಅಕ್ಷರಕ್ಕೆ ಕೆಲಸ ಮಾಡುತ್ತದೆ, ಆಮೇಲೆ ಏನು ಬೇಕಾದರೂ ಟೈಪ್ ಆಗುತ್ತದೆ. ಇಂಟ್‌ವಾರ್ ಬಳಸಿದರೂ ಬಾಕ್ಸ್ ಖಾಲಿ ಇದ್ದಾಗ ಎರರ್.
— ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ

ಉತ್ತರ: ನಿಮ್ಮ ಪರೀಕ್ಷಾ ಫಂಕ್ಷನ್ ಯಾವುದೋ ಒಂದು ದಾರಿಯಲ್ಲಿ ಟ್ರೂ ಅಥವಾ ಫಾಲ್ಸ್ ಹಿಂದಿರುಗಿಸದೆ ಮುಗಿಯುತ್ತಿದೆ. ಆಗ ನನ್ ಹೋಗುತ್ತದೆ, ಟಿಕೆ ಅದನ್ನು ತಪ್ಪು ಉತ್ತರ ಎಂದುಕೊಂಡು ಆ ಬಾಕ್ಸ್‌ನ ಪರೀಕ್ಷೆಯನ್ನೇ ಆಫ್ ಮಾಡಿಬಿಡುತ್ತದೆ. ಎರರ್ ಕೂಡ ಕಾಣಿಸುವುದಿಲ್ಲ. ಫಂಕ್ಷನ್ ಒಳಗಿಂದಲೇ ಬಾಕ್ಸ್‌ನ ಪಠ್ಯ ತಿದ್ದಲು ಹೋದರೂ ಹೀಗೇ ಆಗುತ್ತದೆ. ಎಲ್ಲ ದಾರಿಯಲ್ಲೂ ರಿಟರ್ನ್ ಇರಲಿ. ಫಂಕ್ಷನ್ನನ್ನು ರಿಜಿಸ್ಟರ್ ಮೂಲಕ ನೋಂದಾಯಿಸಿ, ಜೊತೆಗೆ ಶೇಕಡಾ ಚಿಹ್ನೆ ಮತ್ತು ದೊಡ್ಡಕ್ಷರದ ಪಿ ಕೊಡಿ: ಈ ಒತ್ತನ್ನು ಒಪ್ಪಿದರೆ ಬಾಕ್ಸ್‌ನಲ್ಲಿ ಏನಿರುತ್ತದೋ ಆ ಪೂರ್ತಿ ಪಠ್ಯ ಅದರಿಂದ ಸಿಗುತ್ತದೆ. ಖಾಲಿ ಪಠ್ಯಕ್ಕೂ ಟ್ರೂ ಅನ್ನಿ, ಇಲ್ಲದಿದ್ದರೆ ಬರೆದ ಕೊನೆಯ ಅಂಕಿಯನ್ನು ಅಳಿಸಲೂ ಆಗದು. ದಶಮಾಂಶ ಬೇಕಾದರೆ "1." ಎಂಬ ಅರ್ಧಕ್ಕೆ ನಿಂತ ಸ್ಥಿತಿಯನ್ನೂ ಬಿಡಬೇಕು.

ಇಂಟ್‌ವಾರ್ ಬಿಟ್ಟುಬಿಡಿ. ಖಾಲಿ ಬಾಕ್ಸ್‌ಗೆ ಅದು ಟಿಸಿಎಲ್ ಎರರ್ ಎತ್ತುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ 2.7 ಬರೆದವರಿಗೆ ಸದ್ದಿಲ್ಲದೆ 2 ಕೊಡುತ್ತದೆ. ಟೈಪ್ ಮಾಡುವ ಬಾಕ್ಸ್‌ಗೆ ಸ್ಟ್ರಿಂಗ್‌ವಾರ್, ಪರಿವರ್ತನೆ ನಿಮ್ಮ ಕೈಯಲ್ಲಿ. ರೇಡಿಯೊ ಬಟನ್‌ಗಳಿಗೆ ಇಂಟ್‌ವಾರ್ ಚೆನ್ನಾಗಿಯೇ ಹೊಂದುತ್ತದೆ, ಅಲ್ಲಿ ಯಾರೂ ಟೈಪ್ ಮಾಡುವುದಿಲ್ಲ.

ಪ್ರಶ್ನೆ: ಚೆಕ್‌ರೋಲ್‌ಗಾಗಿ ಲೂಪ್‌ನಲ್ಲಿ 12 ಜನರಿಗೆ 12 ಸಾಲು ಮಾಡಿದ್ದೇನೆ. ಪ್ರತಿ ಸಾಲಿನಲ್ಲಿ ಗಂಟೆಯ ಬಾಕ್ಸ್, ಕೆಲಸದ ಕಾಂಬೊಬಾಕ್ಸ್, ಒಂದು ಬಟನ್ ಇದೆ. ಯಾವ ಬಟನ್ ಒತ್ತಿದರೂ ಕೊನೆಯವರ ವಿವರವೇ ಉಳಿಯುತ್ತದೆ.
— ಎಸ್ಟೇಟ್ ಲೆಕ್ಕಿಗರು, ಸಿದ್ದಾಪುರ

ಉತ್ತರ: ಲೂಪ್ ಪ್ರತಿ ಸುತ್ತಿನಲ್ಲೂ ಅದೇ ವೇರಿಯಬಲ್‌ಗೆ ಹೊಸ ಬಾಕ್ಸ್ ತುಂಬುತ್ತಿದೆ. ಪರದೆಯ ಮೇಲೆ 12 ಬಾಕ್ಸ್ ಇವೆ, ಕೋಡ್‌ನ ಕೈಯಲ್ಲಿ ಹನ್ನೆರಡನೆಯದು ಮಾತ್ರ. ಲೂಪ್‌ಗೆ ಮೊದಲು 'ಸಾಲುಗಳು' ಎಂಬ ಖಾಲಿ ಡಿಕ್ಷನರಿ ಮಾಡಿ, ಒಳಗೆ ಪ್ರತಿಯೊಬ್ಬರ ಚೆಕ್‌ರೋಲ್ ನಂಬರ್‌ಗೆ ಅವರ ಗಂಟೆ ಬಾಕ್ಸ್ ಮತ್ತು ಕಾಂಬೊಬಾಕ್ಸ್ ಜೋಡಿಯನ್ನು ಇಡಿ. ಹೆಸರಿನ ಬದಲು ನಂಬರ್ ಏಕೆಂದರೆ ಒಂದೇ ಹೆಸರಿನ ಇಬ್ಬರು ಒಂದೇ ತೋಟದಲ್ಲಿರುವುದು ಸಾಮಾನ್ಯ, ಇಬ್ಬರ ಕೂಲಿ ಒಬ್ಬರಿಗೆ ಸೇರಬಾರದು.

ಬಟನ್‌ಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಟ್ಟಿದ್ದರೆ ಅಲ್ಲೂ ಇದೇ ಕಥೆ. ಲ್ಯಾಂಬ್ಡಾ ವೇರಿಯಬಲ್‌ನ ಬೆಲೆಯನ್ನು ಹುಟ್ಟುವಾಗ ಹಿಡಿದಿಟ್ಟುಕೊಳ್ಳುವುದಿಲ್ಲ, ಒತ್ತಿದಾಗ ನೋಡುತ್ತದೆ. ಆ ಹೊತ್ತಿಗೆ ಲೂಪ್ ಮುಗಿದು ಕೊನೆಯ ನಂಬರ್ ಉಳಿದಿರುತ್ತದೆ. ಹುಟ್ಟುವಾಗಲೇ ಹಿಡಿಸಬೇಕಾದರೆ ಡಿಫಾಲ್ಟ್ ಆರ್ಗ್ಯುಮೆಂಟ್ ಆಗಿ ಬರೆಯಿರಿ:

ಕಮಾಂಡ್=ಲ್ಯಾಂಬ್ಡಾ ನಂ=ನಂಬರ್: ಉಳಿಸು(ನಂ)

ನಮ್ಮ ಸಲಹೆ ಕೇಳಿದರೆ ಸಾಲಿಗೊಂದು ಬಟನ್ ಬೇಡ. ಕೆಳಗೆ ಒಂದೇ ಬಟನ್ ಇಟ್ಟು, ಒತ್ತಿದಾಗ ಡಿಕ್ಷನರಿಯ ಎಲ್ಲ ಸಾಲನ್ನೂ ಓದಿ, ಒಂದರಲ್ಲಿ ತಪ್ಪಿದ್ದರೂ ಯಾವುದನ್ನೂ ಉಳಿಸದೆ ತಪ್ಪಿನ ಸಾಲನ್ನು ತೋರಿಸಿ. ಅರ್ಧ ಉಳಿದ ಚೆಕ್‌ರೋಲ್‌ನಿಂದ ವಾರದ ಬಟವಾಡೆ ದಿನ ಜಗಳ ಹುಟ್ಟುತ್ತದೆ.

ಕಾಂಬೊಬಾಕ್ಸ್‌ನಲ್ಲಿ ಗೆಟ್ ಪಠ್ಯ ಕೊಡುತ್ತದೆ, ಕರೆಂಟ್ ಎಂಬುದು ಪಟ್ಟಿಯಲ್ಲಿ ಎಷ್ಟನೆಯದು ಎಂಬುದನ್ನು ಸೊನ್ನೆಯಿಂದ ಎಣಿಸಿ ಕೊಡುತ್ತದೆ. ಏನೂ ಆರಿಸದಿದ್ದರೆ ಅಥವಾ ಪಟ್ಟಿಯಲ್ಲಿಲ್ಲದ್ದನ್ನು ಟೈಪ್ ಮಾಡಿದ್ದರೆ −1 ಬರುತ್ತದೆ. ಈ −1 ಅನ್ನು ಹಾಗೇ ಲಿಸ್ಟ್‌ಗೆ ಕೊಟ್ಟರೆ ಪೈಥಾನ್ ಕೊನೆಯ ಅಂಶವನ್ನು ಕೊಡುತ್ತದೆ. ಕೆಲಸವನ್ನೇ ಆರಿಸದವರ ಮುಂದೆ ಪಟ್ಟಿಯ ಕೊನೆಯ ಕೆಲಸ, ಹೇಳಿ ಕಪಾತು, ದಾಖಲಾಗಿಬಿಡುತ್ತದೆ. ಸ್ಟೇಟ್ ಅನ್ನು ರೀಡ್‌ಓನ್ಲಿ ಮಾಡಿದರೆ ಪಟ್ಟಿಯಿಂದಷ್ಟೇ ಆರಿಸಲು ಸಾಧ್ಯ. ಆಗಲೂ ಏನನ್ನೂ ಆರಿಸದೆ ಇರಬಹುದು, ಆ ಪರೀಕ್ಷೆ ಬಿಡಬೇಡಿ.

ಪ್ರಶ್ನೆ: 'ಷರಾ' ಬರೆಯುವ ದೊಡ್ಡ ಟೆಕ್ಸ್ಟ್ ಬಾಕ್ಸ್‌ನಲ್ಲಿ ಏನೂ ಬರೆಯದಿದ್ದರೂ ಖಾಲಿ ಅಲ್ಲ ಎನ್ನುತ್ತದೆ.
— ಓದುಗರು, ನಾಪೋಕ್ಲು

ಉತ್ತರ: ಟೆಕ್ಸ್ಟ್ ವಿಜೆಟ್ ಕೊನೆಯಲ್ಲಿ ತಾನಾಗಿ ಒಂದು ಹೊಸಸಾಲಿನ ಅಕ್ಷರ ಇಟ್ಟುಕೊಂಡಿರುತ್ತದೆ. "1.0" ರಿಂದ 'ಎಂಡ್' ವರೆಗೆ ಓದಿದರೆ ಅದೂ ಬರುತ್ತದೆ. 'ಎಂಡ್' ನಂತರ ಒಂದು ಅಕ್ಷರ ಹಿಂದೆ ಎಂದು ಸೂಚಿಸುವ ಮೈನಸ್ ಒಂದು ಸಿ ಸೇರಿಸಿ. ಆರಂಭದ "1.0" ರಲ್ಲಿ ಸಾಲು ಒಂದರಿಂದ, ಅಕ್ಷರ ಸೊನ್ನೆಯಿಂದ ಎಣಿಕೆಯಾಗುತ್ತದೆ. ಸ್ಪೇಸ್ ಮಾತ್ರ ಒತ್ತಿದವರಿಗಾಗಿ ಸ್ಟ್ರಿಪ್ ಹೇಗೂ ಇರಲಿ.

ಪ್ರಶ್ನೆ: ಊರಿನ ಹೆಸರು ಹುಡುಕುವ ಫಾರ್ಮ್ ಇದೆ. 'ಪೊನ್ನಂಪೇಟೆ' ಎಂದು ಟೈಪ್ ಮಾಡಿದರೆ ಕೆಲವು ದಾಖಲೆ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ.
— ಪದವಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಕನ್ನಡದಲ್ಲಿ ಫಾರ್ಮ್ ಮಾಡುವ ಪ್ರತಿಯೊಬ್ಬರೂ ಎದುರಿಸುವ ತೊಡಕಿದು, ಕೇಳಿದ್ದು ಒಳ್ಳೆಯದಾಯಿತು. ಯೂನಿಕೋಡ್‌ನಲ್ಲಿ ಒ, ಓ, ಏ, ಈ, ಐ ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ಇಡೀ ಚಿಹ್ನೆಗೆ ಒಂದೇ ಸಂಕೇತ ಇದೆ, ಅಥವಾ ತುಂಡುಗಳನ್ನು ಜೋಡಿಸಿಯೂ ಅದೇ ರೂಪ ತರಬಹುದು. 'ಪೊ'ದ ಒತ್ವ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎತ್ವದ ಮುಂದೆ ದೀರ್ಘ ಊಕಾರದ ಚಿಹ್ನೆ ಸೇರಿ ಎರಡು ಸಂಕೇತಗಳಾಗಿರಬಹುದು. 'ಪೇ'ಯ ಏತ್ವವೂ ಹಾಗೆಯೇ, ಎತ್ವ ಮತ್ತು ದೀರ್ಘದ ಚಿಹ್ನೆ. ಜೋಡಿಸಿದ ರೂಪದಲ್ಲಿ 'ಪೊನ್ನಂಪೇಟೆ'ಯ ಉದ್ದವನ್ನು ಲೆನ್‌ನಿಂದ ಅಳೆದರೆ 10, ಬಿಡಿಸಿದ ರೂಪದಲ್ಲಿ 12. ಪರದೆಯ ಮೇಲೆ ಅಕ್ಷರ ಒಂದೇ, ಪೈಥಾನ್‌ನ ಸಮ ಚಿಹ್ನೆಗೆ ಎರಡು ಬೇರೆ ಪಠ್ಯ.

ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂಬ ರೂಪದ ಹೆಸರು ಕೊಟ್ಟು ಪಠ್ಯವನ್ನು ಹಾಯಿಸಿ. ಫಾರ್ಮ್‌ನಿಂದ ಬಂದ ಪಠ್ಯಕ್ಕೆ ಮಾಡಿದರೆ ಸಾಲದು, ಈಗಾಗಲೇ ಡೇಟಾಬೇಸ್‌ನಲ್ಲಿ ಕುಳಿತಿರುವ ಹೆಸರುಗಳನ್ನೂ ಒಮ್ಮೆ ಹಾಯಿಸಿ ತಿದ್ದಬೇಕು. ಇಲ್ಲದಿದ್ದರೆ ಇವತ್ತು ಸಿಗದಿದ್ದವು ಸಿಕ್ಕಿ, ಸಿಗುತ್ತಿದ್ದವು ತಪ್ಪಿಹೋದಾವು.

ಇದಾದ ಮೇಲೂ ಉಳಿಯುವ ಒಂದು ಕಳ್ಳ ಅಕ್ಷರ ಇದೆ: ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್. ಕನ್ನಡ ಕೀಬೋರ್ಡ್‌ಗಳಲ್ಲಿ ಅರ್ಧಾಕ್ಷರದ ಮುಂದಿನ ಒತ್ತಕ್ಷರ ತಪ್ಪಿಸಲು ಅದನ್ನು ಬಳಸುತ್ತೇವೆ. ಪದದ ಕೊನೆಯಲ್ಲಿ ಸೇರಿಕೊಂಡರೆ ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಏಕೆಂದರೆ ಅದು ಸ್ಪೇಸ್ ವರ್ಗಕ್ಕೆ ಸೇರಿದ್ದಲ್ಲ. ಎನ್‌ಎಫ್‌ಸಿ ಕೂಡ ಮುಟ್ಟುವುದಿಲ್ಲ. ತೋರಿಸುವ ಹೆಸರಿನಲ್ಲಿ ಅದನ್ನು ಉಳಿಸಿಕೊಳ್ಳಿ, ತೆಗೆದರೆ ಬರವಣಿಗೆಯ ರೂಪ ಕೆಡುತ್ತದೆ. ಹುಡುಕಲೆಂದೇ ಇನ್ನೊಂದು ಕಾಲಂ ಇಟ್ಟು, ಅದರಲ್ಲಿ ಮಾತ್ರ ಯೂನಿಕೋಡ್ ಸಂಖ್ಯೆ 200 ಸಿ ಮತ್ತು 200 ಡಿ ಎರಡನ್ನೂ ತೆಗೆದ ರೂಪ ಇಡಿ. ಸಂಶಯ ಬಂದಾಗ ಪಠ್ಯವನ್ನು ಆಸ್ಕಿ ಫಂಕ್ಷನ್ ಮೂಲಕ ಪ್ರಿಂಟ್ ಮಾಡಿ, ಅಡಗಿದ್ದೆಲ್ಲ ಸಂಖ್ಯೆಯಾಗಿ ಹೊರಬರುತ್ತದೆ.

ಫಾರ್ಮ್‌ನ ವಿವರವನ್ನು ಸಿಎಸ್‌ವಿ ಫೈಲ್‌ಗೆ ಬರೆಯುವವರು ಎನ್‌ಕೋಡಿಂಗ್ ಅನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಎಕ್ಸೆಲ್‌ನಲ್ಲಿ ಕನ್ನಡ ಸರಿಯಾಗಿ ತೆರೆಯುತ್ತದೆ.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಫ್ಲಾಸ್ಕ್‌ನಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಬುಕಿಂಗ್ ಪುಟ ಮಾಡಿಸಿದ್ದೇವೆ. 'ಪಿಕಪ್ ಬೇಕು' ಎಂಬ ಚೆಕ್‌ಬಾಕ್ಸ್ ಟಿಕ್ ಮಾಡದೆ ಕಳಿಸಿದರೆ 400 ಎರರ್ ಬರುತ್ತದೆ. ಕೊಠಡಿಯ ದರ ಸರ್ವರ್‌ಗೆ ಬರುವುದೇ ಇಲ್ಲ. ಕೆಲವರ ಬುಕಿಂಗ್ ಎರಡೆರಡು ಸಲ ದಾಖಲಾಗುತ್ತದೆ.
— ಹೋಂಸ್ಟೇ ನಡೆಸುವವರು, ಮಡಿಕೇರಿ

ಉತ್ತರ: ಟಿಕ್ ಮಾಡದ ಚೆಕ್‌ಬಾಕ್ಸ್ ಬಗ್ಗೆ ಬ್ರೌಸರ್ ಏನನ್ನೂ ಕಳಿಸುವುದಿಲ್ಲ; 'ಇಲ್ಲ' ಎಂದು ಕೂಡ ಹೇಳುವುದಿಲ್ಲ. ರಿಕ್ವೆಸ್ಟ್.ಫಾರ್ಮ್‌ನ ಚೌಕ ಆವರಣದಲ್ಲಿ ಇಲ್ಲದ ಹೆಸರು ಕೇಳಿದರೆ ಫ್ಲಾಸ್ಕ್ ನೇರವಾಗಿ 400 ಕೊಡುತ್ತದೆ. ಚೆಕ್‌ಬಾಕ್ಸ್‌ಗೆ ಗೆಟ್ ಬಳಸಿ, ನನ್ ಬಂದರೆ ಟಿಕ್ ಇಲ್ಲ, ಬೇರೇನು ಬಂದರೂ ಟಿಕ್ ಇದೆ ಎಂದು ತಿಳಿಯಿರಿ. ವ್ಯಾಲ್ಯೂ ಬರೆಯದ ಚೆಕ್‌ಬಾಕ್ಸ್‌ನಿಂದ ಬರುವ ಪಠ್ಯ 'ಆನ್'. ಒಂದೇ ಹೆಸರಿನ ಹಲವು ಚೆಕ್‌ಬಾಕ್ಸ್‌ಗಳಿದ್ದರೆ ಗೆಟ್ ಮೊದಲನೆಯದನ್ನಷ್ಟೇ ಕೊಡುತ್ತದೆ. ಬೆಳಗಿನ ತಿಂಡಿ, ಊಟ, ಕ್ಯಾಂಪ್‌ಫೈರ್ ಮೂರನ್ನೂ ಟಿಕ್ ಮಾಡಿದವರ ಪೂರ್ತಿ ಪಟ್ಟಿ ಬೇಕಾದರೆ ಗೆಟ್‌ಲಿಸ್ಟ್.

ದರದ ಬಾಕ್ಸ್ ಡಿಸೇಬಲ್ ಆಗಿರಬೇಕು, ಡಿಸೇಬಲ್ ಆದದ್ದನ್ನು ಬ್ರೌಸರ್ ಕಳಿಸುವುದಿಲ್ಲ. ರೀಡ್‌ಓನ್ಲಿ ಮಾಡಿದರೆ ಬರುತ್ತದೆ. ಆದರೆ ನೀವು ಅದನ್ನು ಓದಲೇಬೇಡಿ. ಬ್ರೌಸರ್‌ನಿಂದ ಬರುವ ಯಾವ ಅಂಕಿಯನ್ನೂ ಕಳಿಸುವವರು ತಿದ್ದಬಹುದು. 3,000 ರೂಪಾಯಿಯ ಕೊಠಡಿಯನ್ನು 30 ಎಂದು ಕಳಿಸಲು ಹೆಚ್ಚು ಜಾಣ್ಮೆ ಬೇಕಿಲ್ಲ. ಕೊಠಡಿಯ ಗುರುತನ್ನು ಮಾತ್ರ ಫಾರ್ಮ್‌ನಿಂದ ತೆಗೆದುಕೊಂಡು ದರವನ್ನು ನಿಮ್ಮ ಡೇಟಾಬೇಸ್‌ನಿಂದಲೇ ಹಾಕಿ. ಎಚ್‌ಟಿಎಂಎಲ್‌ನ ರಿಕ್ವೈರ್ಡ್, ಮಿನ್, ಮ್ಯಾಕ್ಸ್ ಗುರುತುಗಳು ಅತಿಥಿಗಳ ಅನುಕೂಲಕ್ಕೆ ಇರುವಂಥವು, ಪೈಥಾನ್ ಕಡೆಯ ಪರೀಕ್ಷೆ ಇವುಗಳಿಂದ ತಪ್ಪುವುದಿಲ್ಲ.

ಬೇರೆ ಯಾವುದೋ ಬಾಕ್ಸ್ ಬರುತ್ತಿಲ್ಲವಾದರೆ ಅದಕ್ಕೆ ನೇಮ್ ಇದೆಯೇ ನೋಡಿ. ಐಡಿ ಇದ್ದು ನೇಮ್ ಇಲ್ಲದ ಬಾಕ್ಸ್ ಸರ್ವರ್‌ಗೆ ಬರುವುದಿಲ್ಲ. ಮೆಥಡ್ ಗೆಟ್ ಆದರೆ ರಿಕ್ವೆಸ್ಟ್.ಆರ್ಗ್ಸ್‌ನಲ್ಲಿ, ಪೋಸ್ಟ್ ಆದರೆ ರಿಕ್ವೆಸ್ಟ್.ಫಾರ್ಮ್‌ನಲ್ಲಿ, ಜಾವಾಸ್ಕ್ರಿಪ್ಟ್‌ನಿಂದ ಜೆಸಾನ್ ಕಳಿಸಿದರೆ ಗೆಟ್_ಜೆಸಾನ್‌ನಲ್ಲಿ ಹುಡುಕಬೇಕು. ಗುರುತಿನ ಚೀಟಿಯ ಫೋಟೊ ಅಪ್‌ಲೋಡ್ ಇದ್ದರೆ ಫಾರ್ಮ್‌ಗೆ ಮಲ್ಟಿಪಾರ್ಟ್ ಎನ್‌ಕೋಡಿಂಗ್ ಬೇಕು, ಫೈಲ್ ಸಿಗುವುದು ರಿಕ್ವೆಸ್ಟ್.ಫೈಲ್ಸ್‌ನಲ್ಲಿ.

ಅತಿಥಿಗಳ ಸಂಖ್ಯೆ ಓದಲು ಗೆಟ್‌ಗೆ ಟೈಪ್=ಇಂಟ್ ಕೊಡುವವರು ಒಂದು ಗಮನಿಸಿ: "4 ಜನ" ಎಂದು ಬಂದರೆ ಎರರ್ ಬರುವುದಿಲ್ಲ, ನನ್ ಬರುತ್ತದೆ. ಏನೂ ತುಂಬದವರಿಗೂ ನನ್. ಇಬ್ಬರಿಗೂ ಬೇರೆ ಸಂದೇಶ ಕೊಡಬೇಕಾದರೆ ಪಠ್ಯವಾಗಿ ಓದಿ ನೀವೇ ಪರಿವರ್ತಿಸಿ. ತಾರೀಖಿನ ಇನ್‌ಪುಟ್ ಪರದೆಯಲ್ಲಿ ಹೇಗೇ ಕಂಡರೂ ಕಳಿಸುವುದು ವರ್ಷ–ತಿಂಗಳು–ದಿನ ಕ್ರಮದಲ್ಲಿ, ಡೇಟ್.ಫ್ರಮ್‌ಐಸೊಫಾರ್ಮ್ಯಾಟ್‌ಗೆ ನೇರ ಕೊಡಬಹುದು. ಹೊರಡುವ ದಿನ ಬರುವ ದಿನಕ್ಕಿಂತ ಮುಂದಿದೆಯೇ ನೋಡಿ.

ಎರಡೆರಡು ಬುಕಿಂಗ್‌ಗೆ ಮೂಲ ಎರಡು. ಒಂದು, ಪೋಸ್ಟ್‌ಗೆ ಉತ್ತರವಾಗಿ ನೇರವಾಗಿ ಪುಟ ತೋರಿಸುತ್ತಿದ್ದೀರಿ, ಅತಿಥಿ ರಿಫ್ರೆಶ್ ಮಾಡಿದರೆ ಅದೇ ಫಾರ್ಮ್ ಮತ್ತೆ ಹೋಗುತ್ತದೆ. ಉಳಿಸಿದ ಕೂಡಲೇ 303 ರಿಡೈರೆಕ್ಟ್ ಕೊಟ್ಟು ಬೇರೆ ಪುಟಕ್ಕೆ ಕಳಿಸಿ. ಎರಡನೆಯದು ನಮ್ಮ ಬೆಟ್ಟಗಳ ನೆಟ್‌ವರ್ಕ್. ಮಾಹಿತಿ ಸರ್ವರ್ ಮುಟ್ಟಿರುತ್ತದೆ, ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ; ಅತಿಥಿ ಮತ್ತೆ ಒತ್ತುತ್ತಾರೆ. ಇದಕ್ಕೆ ರಿಡೈರೆಕ್ಟ್ ಸಾಲದು. ಫಾರ್ಮ್ ತೋರಿಸುವಾಗಲೇ ಯುಯುಐಡಿ (ಪ್ರತಿ ಸಲ ಬೇರೆಯೇ ಆಗಿರುವ ಗುರುತಿನ ಸಂಖ್ಯೆ) ಒಂದನ್ನು ಹಿಡನ್ ಇನ್‌ಪುಟ್ ಆಗಿ ಇಟ್ಟು, ಡೇಟಾಬೇಸ್‌ನ ಆ ಕಾಲಂಗೆ ಯೂನಿಕ್ ನಿಯಮ ಹಾಕಿ. ಎರಡನೆಯ ಸಲ ಅದೇ ಗುರುತು ಬಂದರೆ ಹೊಸ ಸಾಲು ಸೇರದೆ ಹಳೆಯ ಬುಕಿಂಗ್‌ನ ಪುಟವನ್ನೇ ತೋರಿಸಿ. ಡೇಟಾಬೇಸ್‌ಗೆ ಬರೆಯುವಾಗ ಎಫ್-ಸ್ಟ್ರಿಂಗ್‌ನಲ್ಲಿ ಪಠ್ಯ ತುರುಕಬೇಡಿ. ಎಸ್‌ಕ್ಯುಲೈಟ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜಾಗ ಬಿಟ್ಟು ಬೆಲೆಗಳನ್ನು ಪ್ರತ್ಯೇಕ ಟ್ಯೂಪಲ್ ಆಗಿ ಕೊಡಿ.

ಪ್ರಶ್ನೆ: ಟಿಕಿಂಟರ್ ಫಾರ್ಮ್‌ನಿಂದ ಓದಿ ಸರ್ವರ್‌ಗೆ ಕಳಿಸುತ್ತೇನೆ. ಮಳೆಗಾಲದಲ್ಲಿ ನೆಟ್ ನಿಧಾನವಾದರೆ ಇಡೀ ಕಿಟಕಿ ಹೆಪ್ಪುಗಟ್ಟಿ 'ನಾಟ್ ರೆಸ್ಪಾಂಡಿಂಗ್' ಎನ್ನುತ್ತದೆ. ಥ್ರೆಡ್ (ಮುಖ್ಯ ಕೋಡ್‌ನ ಪಕ್ಕದಲ್ಲೇ ಓಡುವ ಇನ್ನೊಂದು ಎಳೆ) ಹಾಕಿದರೆ ಬೇರೆ ಬೇರೆ ಎರರ್.
— ಓದುಗರು, ಭಾಗಮಂಡಲ

ಉತ್ತರ: ಬಟನ್‌ನ ಫಂಕ್ಷನ್ ಮುಗಿಯುವವರೆಗೆ ಮೇನ್‌ಲೂಪ್ ಕಾಯುತ್ತದೆ, ಅದಕ್ಕೇ ಹೆಪ್ಪುಗಟ್ಟುವುದು. ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಟೈಮ್‌ಔಟ್ ನೀವಾಗಿ ಕೊಡದಿದ್ದರೆ ಅದು ತಾನಾಗಿ ಕೈಬಿಡುವುದಿಲ್ಲ. 10 ಸೆಕೆಂಡ್ ಕೊಟ್ಟು ನೋಡಿ. ಥ್ರೆಡ್ ಸರಿಯಾದ ದಾರಿಯೇ, ಆದರೆ ಥ್ರೆಡ್ ಒಳಗಿಂದ ಯಾವ ವಿಜೆಟ್ಟನ್ನೂ ಮುಟ್ಟಬೇಡಿ, ಗೆಟ್ ಕೂಡ ಕರೆಯಬೇಡಿ. ಬಟನ್ ಒತ್ತಿದಾಗ ಮುಖ್ಯ ಥ್ರೆಡ್‌ನಲ್ಲೇ ಎಲ್ಲ ಬಾಕ್ಸ್ ಓದಿ, ಪರಿವರ್ತಿಸಿ, ಸಾದಾ ಡಿಕ್ಷನರಿ ಮಾಡಿ ಅದನ್ನಷ್ಟೇ ಥ್ರೆಡ್‌ಗೆ ಕೊಡಿ. ಬಟನ್ ಡಿಸೇಬಲ್ ಮಾಡಿ. ಫಲಿತಾಂಶವನ್ನು ಥ್ರೆಡ್ ಒಂದು ಕ್ಯೂಗೆ ಹಾಕಲಿ. ಮುಖ್ಯ ಕಿಟಕಿ ಆಫ್ಟರ್ ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡಿ ಬಟನ್ ಮತ್ತೆ ತೆರೆಯಲಿ.

ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಜಾಗದಲ್ಲಿ ಮೊದಲು ಸ್ಥಳೀಯ ಎಸ್‌ಕ್ಯುಲೈಟ್ ಫೈಲ್‌ಗೆ ಉಳಿಸಿ 'ಕಳಿಸಿಲ್ಲ' ಎಂದು ಗುರುತು ಹಾಕಿ, ಕಳಿಸಿದ ಮೇಲೆ ಗುರುತು ಬದಲಿಸಿ. ಒಂದು ಥ್ರೆಡ್‌ನಲ್ಲಿ ತೆರೆದ ಎಸ್‌ಕ್ಯುಲೈಟ್ ಸಂಪರ್ಕವನ್ನು ಇನ್ನೊಂದು ಥ್ರೆಡ್‌ನಲ್ಲಿ ಬಳಸಿದರೆ ಪೈಥಾನ್ ಪ್ರೋಗ್ರಾಮಿಂಗ್ ಎರರ್ ಎತ್ತುತ್ತದೆ. ನಿಮ್ಮ 'ಬೇರೆ ಬೇರೆ ಎರರ್'ಗಳಲ್ಲಿ ಇದೂ ಒಂದಿರಬಹುದು. ಥ್ರೆಡ್ ತನ್ನ ಸಂಪರ್ಕವನ್ನು ತಾನೇ ತೆರೆಯಲಿ.

ಪ್ರಶ್ನೆ: ಪೈಕ್ಯೂಟಿಯಲ್ಲಿ (ಟಿಕಿಂಟರ್‌ನಂತೆಯೇ ಕಿಟಕಿ ಮಾಡುವ, ಕ್ಯೂಟಿ ಆಧಾರಿತ ಲೈಬ್ರರಿ) ಬಾಕ್ಸ್ ಓದಿದರೆ 'ಬಿಲ್ಟ್-ಇನ್ ಮೆಥಡ್ ಟೆಕ್ಸ್ಟ್' ಎಂದೇನೋ ಪ್ರಿಂಟ್ ಆಗುತ್ತದೆ.
— ಓದುಗರು, ಶನಿವಾರಸಂತೆ

ಉತ್ತರ: ಟೆಕ್ಸ್ಟ್ ಮುಂದೆ ಆವರಣ ಬಿಟ್ಟುಹೋಗಿದೆ. ಕ್ಯೂಟಿಯಲ್ಲಿ ಒಂದೊಂದು ವಿಜೆಟ್‌ಗೆ ಒಂದೊಂದು ಹೆಸರು: ಲೈನ್‌ಎಡಿಟ್‌ಗೆ ಟೆಕ್ಸ್ಟ್, ಪ್ಲೇನ್‌ಟೆಕ್ಸ್ಟ್‌ಎಡಿಟ್‌ಗೆ ಟುಪ್ಲೇನ್‌ಟೆಕ್ಸ್ಟ್, ಸ್ಪಿನ್‌ಬಾಕ್ಸ್‌ಗೆ ವ್ಯಾಲ್ಯೂ, ಚೆಕ್‌ಬಾಕ್ಸ್‌ಗೆ ಈಸ್‌ಚೆಕ್ಡ್, ಕಾಂಬೊಬಾಕ್ಸ್‌ಗೆ ಕರೆಂಟ್‌ಟೆಕ್ಸ್ಟ್ ಅಥವಾ ಕರೆಂಟ್‌ಡೇಟಾ. ಡೇಟ್‌ಎಡಿಟ್‌ನ ಡೇಟ್ ಅನ್ನು ಪೈಥಾನ್ ತಾರೀಖಾಗಿಸಲು ಪೈಕ್ಯೂಟಿಯಲ್ಲಿ ಟುಪೈಡೇಟ್, ಪೈಸೈಡ್‌ನಲ್ಲಿ ಟುಪೈಥಾನ್. ಅಂಕಿ ಬೇಕಾದ ಕಡೆ ಸ್ಪಿನ್‌ಬಾಕ್ಸ್ ಹಾಕಿದರೆ ಸಂಖ್ಯೆಯೇ ಸಿಗುತ್ತದೆ, ಪರಿವರ್ತನೆಯ ತಲೆಬಿಸಿ ಇಲ್ಲ. ಆದರೆ ಅದು ಎಂದೂ ಖಾಲಿ ಇರುವುದಿಲ್ಲ. ಮಳೆ ಲೆಕ್ಕದಲ್ಲಿ ಹೇಳಿದ ಖಾಲಿ–ಸೊನ್ನೆ ವ್ಯತ್ಯಾಸ ಬೇಕಾದವರು ಪಕ್ಕದಲ್ಲಿ 'ಅಳೆದಿಲ್ಲ' ಎಂಬ ಚೆಕ್‌ಬಾಕ್ಸ್ ಇಡಬೇಕು.

ಪ್ರಶ್ನೆ: ಹಳೆಯ ಪುಸ್ತಕ ನೋಡಿ ವೆಬ್ ಫಾರ್ಮ್ ಓದುವ ಸಿಜಿಐ ಮಾಡ್ಯೂಲ್‌ನ ಫೀಲ್ಡ್‌ಸ್ಟೋರೇಜ್ ಬಳಸಿದೆ. ಹೊಸ ಪೈಥಾನ್‌ನಲ್ಲಿ ಅಂಥ ಮಾಡ್ಯೂಲೇ ಇಲ್ಲ ಎನ್ನುತ್ತದೆ.
— ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಹೌದು, ಇಲ್ಲ. 3.11 ರಲ್ಲಿ ಎಚ್ಚರಿಕೆ ಕೊಟ್ಟು 2024 ರ ಅಕ್ಟೋಬರ್‌ನಲ್ಲಿ ಬಂದ 3.13 ರಲ್ಲಿ ತೆಗೆದುಹಾಕಿದ್ದಾರೆ. ಹಳೆಯ ಪ್ರೋಗ್ರಾಂ ಸದ್ಯಕ್ಕೆ ಓಡಿದರೆ ಸಾಕು ಎಂದಾದರೆ ಪಿಪ್ ಮೂಲಕ ಲೆಗಸಿ-ಸಿಜಿಐ ಹಾಕಿಕೊಳ್ಳಿ. ಹೊಸದಾಗಿ ಕಲಿಯುತ್ತಿದ್ದರೆ ಫ್ಲಾಸ್ಕ್‌ನಿಂದಲೇ ಶುರು ಮಾಡಿ. ಯಾವ ಫ್ರೇಮ್‌ವರ್ಕೂ ಇಲ್ಲದೆ ಓದಬೇಕಾದರೆ ಯುಆರ್‌ಎಲ್‌ಲಿಬ್.ಪಾರ್ಸ್‌ನ ಪಾರ್ಸ್_ಕ್ಯೂಎಸ್ ಇದೆ. ಅದು ಪ್ರತಿ ಹೆಸರಿಗೂ ಲಿಸ್ಟ್ ಕೊಡುತ್ತದೆ, ಒಂದೇ ಬೆಲೆ ಇದ್ದರೂ ಲಿಸ್ಟೇ. ಖಾಲಿ ಬಿಟ್ಟ ಬಾಕ್ಸ್‌ಗಳನ್ನು ತಾನಾಗಿ ಕೈಬಿಡುತ್ತದೆ. ಅವೂ ಬೇಕಾದರೆ ಕೀಪ್_ಬ್ಲಾಂಕ್_ವ್ಯಾಲ್ಯೂಸ್ ಅನ್ನು ಟ್ರೂ ಮಾಡಿ. ಫೈಲ್ ಅಪ್‌ಲೋಡ್ ಇರುವ ಮಲ್ಟಿಪಾರ್ಟ್ ಫಾರ್ಮ್ ಇದರಿಂದ ಓದಲಾಗದು.